ಹಳೇ ಹಾಸಿಗೆ ಆಚೆ ಹಾಕುವುದು ಹೇಗೆ? ಹೊಸದು ಆರ್ಡರ್ ಮಾಡುವ ಮುಂಚೆ ಓದಿ

ಡೆಲಿವರಿ ಹುಡುಗರು ಹೊಸ ಹಾಸಿಗೆಯನ್ನು ಹಾಲ್‌ನಲ್ಲಿ ಒರಗಿಸುತ್ತಾರೆ, ಸಹಿ ಹಾಕಿಸಿಕೊಳ್ಳುತ್ತಾರೆ, ಹೊರಡುತ್ತಾರೆ. "ಹಳೇದು ತಗೊಂಡು ಹೋಗಲ್ವಾ?" ಅಂದರೆ "ನಮ್ಗೇನೂ ಹೇಳಿಲ್ಲ ಸಾರ್" ಅನ್ನುತ್ತಾರೆ. ಬಾಗಿಲು ಹಾಕಿ ತಿರುಗಿ ನೋಡಿದರೆ ಮಂಚ ಒಂದು, ಹಾಸಿಗೆ ಎರಡು.

ನನಗೂ ಹೀಗೇ ಆಯಿತು. ಬೆಂಗಳೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಹನ್ನೊಂದು ವರ್ಷ ಮಲಗಿದ್ದ ನಾರಿನ ಹಾಸಿಗೆ ಐದು ವಾರ ಮೆಟ್ಟಿಲ ಪಕ್ಕ ನಿಂತಿತ್ತು. ಮೊದಲ ವಾರ ಕಸದ ಆಟೋದವರು ಬೇಡ ಅಂದರು. ಎರಡನೇ ವಾರ ಗುಜರಿಯವನು ಬಂದ. ಬೆರಳ ಗೆಣ್ಣಿನಿಂದ ನಾಲ್ಕು ಕಡೆ ಒತ್ತಿ ನೋಡಿ, "ಕಬ್ಬಿಣ ಇಲ್ಲ ಸಾರ್, ಬರೀ ನಾರು" ಅಂತ ಹೊರಟೇಹೋದ. ಮೂರನೇ ವಾರ ಮಳೆ ಬಂತು. ಇಬ್ಬರು ಎತ್ತುತ್ತಿದ್ದ ಹಾಸಿಗೆಗೆ ಆಮೇಲೆ ನಾಲ್ಕು ಜನ ಬೇಕಾಯಿತು.

ಅದಾದ ಮೇಲೆ ನೆಂಟರು, ಅಕ್ಕಪಕ್ಕದವರು ಇದೇ ಫಜೀತಿ ಹೇಳಿಕೊಂಡು ಬರುವುದು ಜಾಸ್ತಿಯಾಯಿತು. ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಮೊದಲು ಹೊಸದು ಕೊಳ್ಳುತ್ತಾರೆ, ಆಮೇಲೆ ಹಳೆಯದರ ಬಗ್ಗೆ ಯೋಚಿಸುತ್ತಾರೆ. ಇದನ್ನು ಉಲ್ಟಾ ಮಾಡಬೇಕು. ಹಳೆಯದು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾದ ಮೇಲೇ ಹೊಸದಕ್ಕೆ ದುಡ್ಡು ಕೊಡಿ. ಕೆಳಗಿನದು ಬೆಂಗಳೂರನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದು. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಕೆಲಸದ ಕ್ರಮ ಇದೇ. ಕೈಯಲ್ಲಿ ಹತ್ತು ದಿನ ಇರಲಿ.

## ಮೊದಲು ಎತ್ತಿಟ್ಟುಕೊಳ್ಳಬೇಕಾದ ಸಾಮಾನು

ಅಳತೆ ಟೇಪು, ಟಾರ್ಚು, ಹಳೇ ಬೆಡ್‌ಶೀಟ್ ಎರಡು, ಹತ್ತು ಮೀಟರ್ ನೈಲಾನ್ ಹಗ್ಗ, ಅಗಲ ಪ್ಯಾಕಿಂಗ್ ಟೇಪು. ಹಾಸಿಗೆ ಬಿಚ್ಚುವ ಕೆಲಸ ಬಂದರೆ ಇನ್ನಷ್ಟು ಬೇಕು: ಬ್ಲೇಡ್ ಬದಲಿಸುವ ದೊಡ್ಡ ಕಟರ್, ಬ್ರೆಡ್ ಕುಯ್ಯುವ ಹಲ್ಲಿನ ಚಾಕು, ಕಟಿಂಗ್ ಪ್ಲೇಯರ್, ದಪ್ಪ ಗ್ಲೌಸು, ಮಾಸ್ಕು, ಖಾಲಿ ಅಕ್ಕಿ ಚೀಲಗಳು. ಸ್ಪ್ರಿಂಗ್ ಹಾಸಿಗೆಯಾದರೆ ಕಣ್ಣಿಗೆ ಕನ್ನಡಕವೂ ಬೇಕು. ಚಶ್ಮಾ ಇದ್ದವರು ಅದನ್ನೇ ಹಾಕಿಕೊಂಡರೆ ಸಾಲದು. ಬದಿಯೂ ಮುಚ್ಚುವಂಥದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.

## ಹಂತ 1: ಒಳಗೆ ಏನಿದೆ ಅಂತ ಕಂಡುಹಿಡಿಯಿರಿ

ಹಾಸಿಗೆ ಯಾರಿಗೆ ಬೇಕಾಗುತ್ತದೆ ಅನ್ನುವುದು ಅದರ ಹೊಟ್ಟೆಯಲ್ಲಿ ಏನಿದೆ ಅನ್ನುವುದರ ಮೇಲಿದೆ. ಹತ್ತಿ ಒಬ್ಬರಿಗೆ, ಕಬ್ಬಿಣ ಇನ್ನೊಬ್ಬರಿಗೆ. ಇದು ಗೊತ್ತಿಲ್ಲದೆ ಫೋನ್ ಮಾಡಿದರೆ ಎಲ್ಲರೂ ಬೇಡ ಅನ್ನುತ್ತಾರೆ.

ಅಂಚಿನಲ್ಲಿ ಹೊಲಿದ ಲೇಬಲ್ ಇದ್ದರೆ ಓದಿ. ಅಳಿಸಿಹೋಗಿದ್ದರೆ ಮಧ್ಯದಲ್ಲಿ ಮುಷ್ಟಿಯಿಂದ ಗುದ್ದಿ ನೋಡಿ.

ಗುದ್ದಿದಾಗ ಒಳಗಿನಿಂದ ತೆಳುವಾಗಿ ತಂತಿಯ ಸದ್ದು ಬಂದರೆ ಸ್ಪ್ರಿಂಗ್. ಕೈ ಒಳಗೆ ಹೋಗಿ ಮೆಲ್ಲಗೆ ಮೇಲೆ ಬಂದರೆ ಮೆಮೊರಿ ಫೋಮ್, ಥಟ್ಟನೆ ಪುಟಿದರೆ ಸಾದಾ ಫೋಮ್. ಮಂದವಾಗಿ 'ಧಪ್' ಅಂದು, ಅಂಚು ಒತ್ತಿದರೆ ಕರಕರ ಅಂದು, ಕಂದು ಪುಡಿ ಉದುರಿದರೆ ತೆಂಗಿನ ನಾರು. ಅಂಗಡಿ ನಾರಿನ ಹಾಸಿಗೆ ಹೆಚ್ಚಿನವು ಬರೀ ನಾರಲ್ಲ, ನಾರಿಗೆ ರಬ್ಬರ್ ಹಾಲು ಹೊಡೆದು ಒತ್ತಿದ ಹಲಗೆ. ಗಂಟುಗಂಟಾಗಿ ಕೈಗೆ ಸಿಕ್ಕಿದರೆ ಹತ್ತಿ. ತುಂಬ ಹಗುರ, ಒಂದು ತೂತಿನಿಂದ ರೇಷ್ಮೆಯಂಥ ಎಳೆ ಹಾರಿ ಮೂಗಿಗೆ ಬಂದರೆ ಬೂರುಗದ ಹತ್ತಿ.

ಈಗಲೇ ಉದ್ದ, ಅಗಲ, ದಪ್ಪ ಅಳೆದು ಬರೆದುಕೊಳ್ಳಿ. ಇಲ್ಲಿ ಕ್ವೀನ್ ಅಂದರೆ ಸಾಮಾನ್ಯವಾಗಿ 78 ಇಂಚು ಉದ್ದ, 60 ಅಗಲ. ಕಿಂಗ್ ಅಂದರೆ 78, 72. ಆರು ಇಂಚಿನ ಕ್ವೀನ್ ಫೋಮ್ ಹಾಸಿಗೆ ಸುಮಾರು 15 ಕೆಜಿ ತೂಗಬಹುದು. ಅದೇ ಅಳತೆಯ ರಬ್ಬರ್ ನಾರಿನದು ಅದರ ಎರಡರಷ್ಟಕ್ಕೂ ಜಾಸ್ತಿ. ಎತ್ತಲು ಎಷ್ಟು ಜನ ಬೇಕು ಅಂತ ಲೆಕ್ಕ ಹಾಕಲು ಇದು ಬೇಕಾಗುತ್ತದೆ.

## ಹಂತ 2: ತಿಗಣೆ ಇದೆಯಾ ನೋಡಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. "ನಮ್ಮನೇಲಿ ತಿಗಣೆನಾ, ಛೆ!" ಅಂತ ಮುಖ ಮಾಡುತ್ತಾರೆ. ತಿಗಣೆಗೆ ಮನೆ ಚೊಕ್ಕಟವಾಗಿದೆಯಾ ಇಲ್ಲವಾ ಅನ್ನುವ ಲೆಕ್ಕ ಇಲ್ಲ. ಬಸ್ಸಿನ ಸೀಟಿನಿಂದ ಬರುತ್ತದೆ, ಹಾಸ್ಟೆಲಿನಿಂದ ಬಂದ ಮಗನ ಬ್ಯಾಗಿನಲ್ಲಿ ಬರುತ್ತದೆ.

ಬೆಡ್‌ಶೀಟ್ ತೆಗೆಯಿರಿ. ಟಾರ್ಚ್ ಹಿಡಿದು ನಾಲ್ಕೂ ಅಂಚಿನ ಹೊಲಿಗೆಯ ಮಡಿಕೆಯನ್ನು ಉಗುರಿನಿಂದ ಬಿಡಿಸುತ್ತಾ ಹೋಗಿ. ತಲೆಯ ಕಡೆಯ ಮೂಲೆಗಳನ್ನು ನಿಧಾನವಾಗಿ ನೋಡಿ. ಪೆನ್ನಿನ ಶಾಯಿ ಚುಕ್ಕೆ ಇಟ್ಟಂತೆ ಸಾಲಾಗಿ ಕಪ್ಪು ಕಲೆ, ಒಣಗಿದ ತಿಳಿ ಕಂದು ಪೊರೆ, ಗಸಗಸೆ ಕಾಳಿನಷ್ಟು ಬಿಳಿ ಮೊಟ್ಟೆ ಕಂಡರೆ ಅನುಮಾನ ಬೇಡ. ದೊಡ್ಡ ತಿಗಣೆ ಅಗಸೆ ಬೀಜದಷ್ಟಿರುತ್ತದೆ, ಬಣ್ಣವೂ ಹೆಚ್ಚುಕಡಿಮೆ ಅದೇ. ಕಪ್ಪು ಕಲೆಯ ಮೇಲೆ ಒದ್ದೆ ಬಟ್ಟೆ ಉಜ್ಜಿದಾಗ ತುಕ್ಕಿನ ಬಣ್ಣ ಹರಡಿದರೆ ಅದು ಧೂಳಲ್ಲ.

ತಿಗಣೆ ಇದ್ದರೆ ದಾರಿಯೇ ಬೇರೆ. ಹಾಸಿಗೆಯನ್ನು ಇದ್ದ ಕೋಣೆಯಲ್ಲೇ ಪೂರ್ತಿ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಟೇಪು ಹಾಕಿ. ಸುತ್ತದ ಹಾಸಿಗೆಯನ್ನು ಹಾಲ್‌ನಲ್ಲಿ, ಲಿಫ್ಟ್‌ನಲ್ಲಿ ಎಳೆದುಕೊಂಡು ಹೋದರೆ ಇಡೀ ಕಟ್ಟಡಕ್ಕೆ ಹಂಚಿದಂತೆ. ಮೇಲೆ ಮಾರ್ಕರ್‌ನಲ್ಲಿ 'ತಿಗಣೆ ಇದೆ' ಅಂತ ದೊಡ್ಡದಾಗಿ ಬರೆಯಿರಿ, ಇಲ್ಲದಿದ್ದರೆ ಯಾರಾದರೂ ಚೆನ್ನಾಗಿದೆ ಅಂತ ಎತ್ತಿಕೊಂಡು ಹೋಗುತ್ತಾರೆ. ಯಾರಿಗೂ ದಾನ ಕೊಡಬೇಡಿ, ಬಿಚ್ಚಲೂ ಹೋಗಬೇಡಿ. ನೇರವಾಗಿ ಹಂತ 4 ನೋಡಿ, ದುಡ್ಡು ಕೊಟ್ಟು ಕಳಿಸುವ ದಾರಿ ಹಿಡಿಯಿರಿ.

ಇನ್ನೂ ಮುಖ್ಯವಾದದ್ದು, ಹೊಸ ಹಾಸಿಗೆಯ ಆರ್ಡರ್ ಮುಂದಕ್ಕೆ ಹಾಕಿ. ತಿಗಣೆ ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಮಂಚದ ಸಂದಿನಲ್ಲಿ, ಸ್ವಿಚ್ ಬೋರ್ಡಿನ ಹಿಂದೆ ಕೂತಿರುತ್ತದೆ. ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿ. ಮೊಟ್ಟೆಗೆ ಔಷಧಿ ಸರಿಯಾಗಿ ತಟ್ಟದ ಕಾರಣ ಎರಡು ವಾರದ ಅಂತರದಲ್ಲಿ ಎರಡನೇ ಸಲ ಹೊಡೆಸಬೇಕಾಗುತ್ತದೆ. ಅದು ಮುಗಿಯುವವರೆಗೆ ಹೊಸದು ಮನೆಗೆ ಬರಬಾರದು. ಟೆರೇಸಿನ ಬಿಸಿಲಿಗೆ ಹಾಕಿದರೆ ಸಾಯುತ್ತದೆ ಅಂತ ಅಜ್ಜಿಯರು ಹೇಳುತ್ತಾರೆ. ಮೇಲಿನವು ಓಡುತ್ತವೆ, ಒಳಗಿನವು ಹಾಗೇ ಇರುತ್ತವೆ. ಸೀಮೆಎಣ್ಣೆ ಸುರಿಯುವುದಂತೂ ಬೇಡವೇ ಬೇಡ. ಹಾಸಿಗೆ ದೊಡ್ಡ ದೀಪದ ಬತ್ತಿ ಆಗುತ್ತದೆ.

## ಹಂತ 3: ಯಾರಿಗೆ ಹೋಗಬೇಕು ಅಂತ ತೀರ್ಮಾನಿಸಿ

ಹತ್ತಿ. ಇದನ್ನು ಎಸೆಯುವುದು ದಡ್ಡತನ. ಹತ್ತಿ ಗಂಟು ಕಟ್ಟಿರುತ್ತದೆ ಅಷ್ಟೇ, ಹಿಂಜಿಸಿದರೆ ಮತ್ತೆ ಉಬ್ಬುತ್ತದೆ. ಉತ್ತರ ಕರ್ನಾಟಕದ ಊರುಗಳಲ್ಲಿ ಪಿಂಜಾರ, ನದಾಫ್ ಮನೆತನದವರು ಈಗಲೂ ಗಾದಿ ಹೊಲಿದುಕೊಡುತ್ತಾರೆ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಹಾಸಿಗೆ ಅಂಗಡಿಗಳಿವೆ, ಕೆಲವು ಬೀದಿಗೆ ಹಿಂಜುವ ಮೆಷಿನ್ ಇಟ್ಟ ಗಾಡಿಯೇ ಬರುತ್ತದೆ. ಕೊಡುವ ಮುಂಚೆ ನಿಮ್ಮೆದುರೇ ತೂಕ ಹಾಕಿಸಿ, ಹಿಂಜಿದ ಮೇಲೂ ಹಾಕಿಸಿ. ಧೂಳು ಹೋಗಿ ಸ್ವಲ್ಪ ಕಡಿಮೆಯಾಗುವುದು ಸಹಜ. ಅರ್ಧಕ್ಕರ್ಧ ಕಡಿಮೆಯಾದರೆ ಕೇಳಬೇಕು. ಡಬಲ್ ಹಾಸಿಗೆ ಬೇಡವಾದರೆ ಅದರಲ್ಲೇ ಒಂದು ಸಿಂಗಲ್ ಹಾಸಿಗೆ, ಉಳಿದದ್ದರಲ್ಲಿ ದಿಂಬು ಮಾಡಿಸಿಕೊಳ್ಳಿ. ನೆಂಟರು ಬಂದಾಗ ಹಾಸಲು ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಎಳೆ ಕರಗಿ ಪುಡಿಯಾಗಿದ್ದರೆ, ಬೂಷ್ಟು ವಾಸನೆ ಬಂದರೆ ಮಾತ್ರ ಬಿಟ್ಟುಬಿಡಿ.

ಬೂರುಗ. ಇದನ್ನು ದಿಂಬಿಗೆ ತುಂಬಿಸಿಕೊಳ್ಳಬಹುದು. ಮನೆಯೊಳಗೆ ಮಾತ್ರ ಬಿಚ್ಚಬೇಡಿ. ಫ್ಯಾನ್ ಹಾಕಿಕೊಂಡು ಬಿಚ್ಚಿದ ಒಬ್ಬರು ಮೂರು ತಿಂಗಳಾದ ಮೇಲೂ ದೇವರ ಕೋಣೆಯಲ್ಲಿ ಎಳೆ ಹೆಕ್ಕುತ್ತಿದ್ದರು.

ನಾರು. ಕಷ್ಟದ ಗಿರಾಕಿ. ರಬ್ಬರ್ ಹಾಕದ ಬರೀ ನಾರಾದರೆ ತೋಟ ಇದ್ದವರಿಗೆ ಕೊಡಿ, ಗಿಡದ ಬುಡಕ್ಕೆ ಹಾಸಿದರೆ ತೇವ ಹಿಡಿದಿಡುತ್ತದೆ. ರಬ್ಬರ್ ನಾರು ಗೊಬ್ಬರದ ಗುಂಡಿಗೆ ಆಗುವುದಿಲ್ಲ. ಆದರೆ ಹಲಗೆ ಗಟ್ಟಿಯಾಗಿದ್ದರೆ ಕತ್ತರಿಸಿ ದಿವಾನಕ್ಕೆ, ಬೆಂಚಿಗೆ ಹಾಕಬಹುದು. ಸಾಮಾನು ಸಾಗಿಸುವ ಗಾಡಿಯವರು ಫ್ರಿಡ್ಜು, ಗಾಜಿನ ಅಲ್ಮೆರಾ ಮಧ್ಯೆ ಒತ್ತಿಡಲು ಕೇಳುವುದುಂಟು. ನಡುವೆ ಗುಂಡಿ ಬಿದ್ದು ಪುಡಿ ಉದುರುತ್ತಿದ್ದರೆ ಯಾರಿಗೂ ಬೇಡ.

ಫೋಮ್. ಚೂರು ಫೋಮ್‌ಗೆ ವ್ಯಾಪಾರ ಇದೆ. ಪುಡಿ ಮಾಡಿ, ಅಂಟು ಹಾಕಿ, ಒತ್ತಿ ಮತ್ತೆ ಗಟ್ಟಿ ಹಾಸಿಗೆಯ ಒಳಪದರ ಮಾಡುತ್ತಾರೆ. ಅಂಗಡಿಯಲ್ಲಿ 'ರೀಬಾಂಡೆಡ್' ಅಂತ ಹೇಳಿ ತೋರಿಸುವ ಬಣ್ಣಬಣ್ಣದ ಚುಕ್ಕೆಯ ಫೋಮ್ ಅದೇ. ಹತ್ತಿರದ ಸೋಫಾ ರಿಪೇರಿಯವರನ್ನು ಕೇಳಿ. ಅವರ ಹತ್ತಿರವೂ ಚೂರು ಕೂಡಿರುತ್ತದೆ, ಅದನ್ನು ಎತ್ತಲು ಯಾರೋ ಬರುತ್ತಿರುತ್ತಾರೆ. ಫೋಮ್ ಒಣಗಿರಬೇಕು, ಬಟ್ಟೆ ಬಿಚ್ಚಿರಬೇಕು.

ಸ್ಪ್ರಿಂಗ್. ಗುಜರಿಯವರು ಖುಷಿಯಿಂದ ತೆಗೆದುಕೊಳ್ಳುವುದು ಇದೊಂದನ್ನೇ. ಅದೂ ಸ್ಪ್ರಿಂಗುಗಳು ಒಂದಕ್ಕೊಂದು ಹೆಣೆದ ಹಳೇ ಮಾದರಿಯಾದರೆ. ಒಂದೊಂದು ಸ್ಪ್ರಿಂಗಿಗೂ ಬಟ್ಟೆಯ ಚೀಲ ಹೊಲಿದ ಪಾಕೆಟ್ ಸ್ಪ್ರಿಂಗ್ ಆದರೆ ಬಿಡಿಸುವ ಕೂಲಿಯೇ ಜಾಸ್ತಿ ಅಂತ ಮೂಗು ಮುರಿಯುತ್ತಾರೆ. ಫೋನ್‌ನಲ್ಲೇ ಯಾವುದು ಅಂತ ಹೇಳಿಬಿಡಿ.

## ಹಂತ 4: ಮೂರು ಕಡೆ ಮಾತಾಡಿ, ಆಮೇಲೆ ಆರ್ಡರ್ ಮಾಡಿ

ಮೊದಲು ಹೊಸ ಹಾಸಿಗೆಯ ಅಂಗಡಿ. 'ಎಕ್ಸ್‌ಚೇಂಜ್' ಬೋರ್ಡ್ ನೋಡಿ ಒಳಗೆ ಹೋದರೆ ಆ ಮಾತನ್ನು ಮೊದಲೇ ತೆಗೆಯಬೇಡಿ. ಬರೀ ಹೊಸದಕ್ಕೆ ಕೊನೇ ರೇಟು ಎಷ್ಟು ಅಂತ ಮೊದಲು ಕೇಳಿ, ಬರೆದುಕೊಳ್ಳಿ. ಆಮೇಲೆ ಹಳೆಯದು ಇದೆ ಅನ್ನಿ. ಎಷ್ಟೋ ಸಲ ಆ ಎಕ್ಸ್‌ಚೇಂಜ್ ರಿಯಾಯಿತಿ ಎಲ್ಲರಿಗೂ ಕೊಡುವ ರಿಯಾಯಿತಿಯೇ ಆಗಿರುತ್ತದೆ, ಹೆಸರು ಮಾತ್ರ ಬೇರೆ. ಹಾಗಿದ್ದರೂ ಪರವಾಗಿಲ್ಲ, ನಮಗೆ ಬೇಕಾದದ್ದು ದುಡ್ಡಿಗಿಂತ ಹಾಸಿಗೆ ಆಚೆ ಹೋಗುವುದು.

ಇಷ್ಟು ಕೇಳಿ: ಹಳೆಯದನ್ನು ಹೊಸದು ತರುವ ಗಾಡಿಯಲ್ಲೇ ಒಯ್ಯುತ್ತಾರಾ, ಬೇರೆ ದಿನ ಬರುತ್ತಾರಾ? ನಮ್ಮ ಮಹಡಿಯಿಂದ ಅವರೇ ಇಳಿಸುತ್ತಾರಾ, ನಾವು ಗೇಟಿಗೆ ತಂದಿಡಬೇಕಾ? ನಾರಿನದು, ಹತ್ತಿಯದು, ಬೇರೆ ಕಂಪನಿಯದು ಆಗುತ್ತದಾ? ಕಲೆ, ಗುಂಡಿ ಇದ್ದರೆ ಬೇಡ ಅನ್ನುತ್ತಾರಾ? ಉತ್ತರ ಬಾಯಲ್ಲಿ ಬೇಡ, ಬಿಲ್ಲಿನ ಮೇಲೆ 'ಹಳೇ ಹಾಸಿಗೆ ಒಯ್ಯುವುದು ಸೇರಿದೆ' ಅಂತ ಬರೆಸಿಕೊಳ್ಳಿ. ನಾನು ಎಡವಿದ್ದು ಇಲ್ಲೇ. ಅಂಗಡಿಯವರು "ಹುಡುಗರು ತಗೊಂಡು ಹೋಗ್ತಾರೆ ಬಿಡಿ" ಅಂದಿದ್ದರು. ಹುಡುಗರು ಬಂದದ್ದು ಅಂಗಡಿಯಿಂದಲ್ಲ, ಗೋಡೌನಿನಿಂದ. ಅವರಿಗೆ ನಮ್ಮ ಮಾತುಕತೆ ಗೊತ್ತೇ ಇರಲಿಲ್ಲ.

ಆನ್‌ಲೈನ್‌ನಲ್ಲಿ ತರಿಸುವವರು ಡೆಲಿವರಿಗೆ ಬರುವ ಕೊರಿಯರ್‌ನವರನ್ನು ನಂಬಿಕೊಂಡು ಕೂರಬೇಡಿ. ಸುರುಳಿ ಸುತ್ತಿದ ಡಬ್ಬ ಬಾಗಿಲಿಗೆ ಇಟ್ಟರೆ ಅವರ ಕೆಲಸ ಮುಗಿಯಿತು.

ಎರಡನೆಯದು ಪಾಲಿಕೆ. ದಿನಾ ಬರುವ ಆಟೋ ಟಿಪ್ಪರ್ ಹಸಿ ಕಸ, ಒಣ ಕಸಕ್ಕೆ ಇರುವುದು. ಒಂದು ಹಾಸಿಗೆ ಹಾಕಿಕೊಂಡರೆ ಬೀದಿಯ ಉಳಿದ ಮನೆಗಳ ಕಸಕ್ಕೆ ಜಾಗ ಇರುವುದಿಲ್ಲ. ಅವರು ಬೇಡ ಅಂದದ್ದಕ್ಕೆ ಜಗಳ ಆಡಬೇಡಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ. ಕಸದ ಕೆಲಸ ನೋಡಿಕೊಳ್ಳುವುದು ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ. 1533ಕ್ಕೆ ಫೋನ್ ಮಾಡಿ, ನಿಮ್ಮ ವಾರ್ಡ್ ಹೇಳಿ, ಹಳೇ ಪೀಠೋಪಕರಣ ಎತ್ತುವ ದಿನ ಇದೆಯಾ ಕೇಳಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಒಮ್ಮೆ ನಡೆದುಕೊಂಡೇ ಹೋಗಿ ಬನ್ನಿ. ಇಡೀ ಹಾಸಿಗೆ ಬೇಡ ಅಂದವರು ಬಟ್ಟೆ, ಫೋಮ್, ಕಬ್ಬಿಣ ಬೇರೆ ಬೇರೆ ಮಾಡಿ ತಂದರೆ ತೆಗೆದುಕೊಳ್ಳುವುದುಂಟು. ದೊಡ್ಡ ಅಪಾರ್ಟ್‌ಮೆಂಟಿನವರಾದರೆ ನಿಮ್ಮ ಕಸ ಒಯ್ಯುವುದು ಖಾಸಗಿ ಏಜೆನ್ಸಿ. ಅಸೋಸಿಯೇಷನ್ ಆಫೀಸಿನಲ್ಲಿ ಕೇಳಿ, ದೊಡ್ಡ ಸಾಮಾನಿಗೆ ಬೇರೆ ಚಾರ್ಜು ಕೊಟ್ಟರೆ ಒಯ್ಯುತ್ತಾರೆ.

ಮೂರನೆಯದು ದುಡ್ಡು ಕೊಟ್ಟು ಎತ್ತಿಸುವುದು. ಹಳೇ ಸಾಮಾನು ಎತ್ತುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. "ಎಲ್ಲಿಗೆ ಒಯ್ಯುತ್ತೀರಿ?" ಅಂತ ಒಂದು ಮಾತು ಕೇಳಿ. "ಅದೆಲ್ಲ ನಿಮ್ಗ್ಯಾಕೆ ಸಾರ್" ಅನ್ನುವವರಿಗೆ ಕೊಟ್ಟರೆ ಅದು ಮುಂದಿನ ಖಾಲಿ ಸೈಟಿಗೆ ಹೋಗುತ್ತದೆ.

## ಹಂತ 5: ದಿನ ಹೊಂದಿಸಿ

ಇಲ್ಲಿ ಎರಡು ತಪ್ಪು ನಡೆಯುತ್ತದೆ, ಒಂದಕ್ಕೊಂದು ವಿರುದ್ಧ.

ಒಂದು, ಅವಸರ. ಹೊಸದು ಬರುವ ಬೆಳಿಗ್ಗೆಯೇ ಹಳೆಯದನ್ನು ಕಳಿಸಿಬಿಡುವುದು. ಸುರುಳಿ ಸುತ್ತಿ ಬರುವ ಫೋಮ್ ಹಾಸಿಗೆ ಪೂರ್ತಿ ಉಬ್ಬಲು ಒಂದು ದಿನದಿಂದ ಮೂರು ದಿನ ಬೇಕು, ಹೊಸ ವಾಸನೆ ಹೋಗಲೂ ಅಷ್ಟೇ ಹೊತ್ತು. ಡೆಲಿವರಿ ಎರಡು ದಿನ ತಡವಾದರಂತೂ ನೆಲವೇ ಗತಿ.

ಇನ್ನೊಂದು, 'ಇರಲಿ' ಅನ್ನುವುದು. ಕಂಪನಿ ನೂರು ರಾತ್ರಿ ಟ್ರಯಲ್ ಕೊಟ್ಟಿದೆ, ಅಲ್ಲೀವರೆಗೂ ಇಟ್ಟುಕೊಳ್ಳೋಣ ಅನ್ನುತ್ತಾರೆ. ನೂರು ರಾತ್ರಿ ಒಂದು ಹಾಸಿಗೆ ಗೋಡೆಗೆ ಒರಗಿ ನಿಂತರೆ ಅದರ ಹಿಂದೆ ಜಿರಳೆಯ ಸಂಸಾರ ಶುರುವಾಗುತ್ತದೆ.

ನನ್ನ ಲೆಕ್ಕ ಒಂದು ವಾರ. ಸೊಂಟಕ್ಕೆ ಹೊಂದುತ್ತದಾ ಇಲ್ಲವಾ ಅಂತ ಏಳು ರಾತ್ರಿಯಲ್ಲಿ ಸುಮಾರಾಗಿ ಗೊತ್ತಾಗುತ್ತದೆ. ಎಂಟನೇ ದಿನಕ್ಕೆ ಎತ್ತುವವರಿಗೆ ಹೇಳಿಡಿ. ಎಕ್ಸ್‌ಚೇಂಜ್ ಆದರೆ ಈ ಅನುಕೂಲ ಇಲ್ಲ, ಅದೇ ದಿನ ಕೊಡಬೇಕು. ಒಂದು ಕೋಣೆಯ ಮನೆಯವರಿಗೂ ಇದು ಆಗದ ಮಾತು. ಅವರು ಹೊಸದನ್ನು ಹಳೆಯದರ ಮೇಲೇ ಹಾಸಿ ಮಲಗಿ ನೋಡಬೇಡಿ, ಹಳೆಯದರ ಗುಂಡಿ ಹೊಸದರಲ್ಲೂ ಕಾಣುತ್ತದೆ. ಹಳೆಯದನ್ನು ಮಂಚದ ಹಿಂದೆ ನಿಲ್ಲಿಸಿ, ಎರಡೇ ದಿನದಲ್ಲಿ ಮುಗಿಸಿ.

ಮಳೆಗಾಲದಲ್ಲಿ ಎತ್ತುವ ದಿನ ಬೆಳಗಿನ ಹೊತ್ತು ಇಟ್ಟುಕೊಳ್ಳಿ. ಬೆಂಗಳೂರಿನ ಮಳೆಗೆ ಸಂಜೆ ನಾಲ್ಕರ ಮೇಲೆ ನಂಬಿಕೆ ಇಲ್ಲ.

## ಹಂತ 6: ಯಾರಿಗಾದರೂ ಕೊಡುವುದಾದರೆ

ಕೆಲಸಕ್ಕೆ ಬರುವವರಿಗೆ, ವಾಚ್‌ಮನ್‌ಗೆ ಕೊಟ್ಟುಬಿಡೋಣ ಅನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ಯೋಚನೆ. ಕೊಡಿ, ಆದರೆ ಕೇಳಿ ಕೊಡಿ. ನಮ್ಮ ಮನೆಗೆ ಬರುವ ಅಕ್ಕನನ್ನು ಕೇಳಿದಾಗ ಅವರು ಹಾಸಿಗೆ ನೋಡಲಿಲ್ಲ, ಕೋಣೆಯ ಉದ್ದ ಅಗಲ ನೋಡಿದರು. "ಅಣ್ಣ, ಇದು ಹಾಕಿದ್ರೆ ನಾವು ಕಾಲಿಡೋಕೆ ಜಾಗ ಇರಲ್ಲ" ಅಂದರು. ಅವರ ಮನೆ ಹತ್ತು ಅಡಿಗೆ ಹತ್ತು ಅಡಿ, ಅದರಲ್ಲೇ ಅಡುಗೆ. ಇಲ್ಲ ಅನ್ನಲು ಸಂಕೋಚಪಟ್ಟು ಒಯ್ದು ಆಮೇಲೆ ಬೀದಿಗೆ ಹಾಕುವವರೂ ಇದ್ದಾರೆ. ಅದರ ತಪ್ಪು ಕೊಟ್ಟವರದೇ.

ಕೊಡುವ ಮುಂಚೆ ಅಳತೆ ಹೇಳಿ. ಗುಂಡಿ, ಕಲೆ ಇದ್ದರೆ ಬಾಯಿ ಬಿಟ್ಟು ಹೇಳಿ, ತೋರಿಸಿ. ಸಾಗಿಸುವ ಗಾಡಿ ದುಡ್ಡು ನೀವೇ ಕೊಡಿ, ಇಲ್ಲದಿದ್ದರೆ ಅದು ದಾನ ಅಲ್ಲ, ಸಾಗಹಾಕುವುದು. ಎರಡು ದಿನ ಬಿಸಿಲಿಗೆ ಹಾಕಿ, ಬ್ರಷ್ ಹೊಡೆದು, ತೊಳೆದ ಬೆಡ್‌ಶೀಟ್ ಸುತ್ತಿ ಕೊಡಿ.

ಅನಾಥಾಶ್ರಮ, ವೃದ್ಧಾಶ್ರಮಗಳಿಗೆ ಹೇಳದೆ ಒಯ್ದು ಇಳಿಸಬೇಡಿ. ಅಲ್ಲಿಯ ಮಂಚಗಳು ಹೆಚ್ಚಾಗಿ ಸಿಂಗಲ್, ನಿಮ್ಮ ಕಿಂಗ್ ಸೈಜು ಅವರಿಗೆ ತಲೆನೋವು. ನಾಯಿ, ಬೆಕ್ಕು ಸಾಕುವ ಆಶ್ರಯಗಳಿಗೆ ಫೋಮ್ ಹಾಸಿಗೆ ಕೆಲವೊಮ್ಮೆ ಬೇಕಾಗುತ್ತದೆ, ಬಟ್ಟೆ ಬೇಡ ಫೋಮ್ ಸಾಕು ಅನ್ನುವವರೂ ಇದ್ದಾರೆ. ಸ್ಪ್ರಿಂಗ್ ಕಳಿಸಬೇಡಿ, ನಾಯಿ ಕಿತ್ತರೆ ತಂತಿ ಬಾಯಿಗೆ ಸಿಗುತ್ತದೆ.

ರೋಗಿ ಬಹಳ ದಿನ ಮಲಗಿದ್ದ, ಉಚ್ಚೆ ಇಳಿದ, ಬೂಷ್ಟು ಹಿಡಿದ ಹಾಸಿಗೆ ಯಾರಿಗೂ ಬೇಡ. ಸುಮ್ನೆ ದುಡ್ಡು ಕೊಟ್ಟು ಎತ್ತಿಸಿಬಿಡಿ.

## ಹಂತ 7: ಬಿಚ್ಚುವುದು

ಯಾರೂ ಇಡಿಯಾಗಿ ಒಯ್ಯದಿದ್ದರೆ ಕೊನೇ ದಾರಿ ಇದು. ಇಬ್ಬರಿಗೆ ಎರಡು, ಎರಡೂವರೆ ತಾಸಿನ ಕೆಲಸ. ಟೆರೇಸ್ ಅಥವಾ ಅಂಗಳ ಬೇಕು. ಕೆಳಗೆ ಹಳೇ ಬೆಡ್‌ಶೀಟ್ ಹಾಸಿ. ಗ್ಲೌಸು, ಮಾಸ್ಕು ಮೊದಲು, ಕಟರ್ ಆಮೇಲೆ.

1. ಅಂಚು ಬಿಡಿಸಿ. ಹಾಸಿಗೆಯ ಮೇಲ್ಭಾಗ, ಪಕ್ಕದ ಪಟ್ಟಿ ಸೇರುವ ಕಡೆ ದಪ್ಪ ಟೇಪಿನ ಹೊಲಿಗೆ ಇರುತ್ತದೆ. ಮಧ್ಯೆ ಬಟ್ಟೆ ಸೀಳುವುದಕ್ಕಿಂತ ಆ ಹೊಲಿಗೆಯ ಗುಂಟ ಕಟರ್ ಓಡಿಸಿ. ಬ್ಲೇಡ್ ಮೇಲಿನ ಒಂದು ಗೆರೆಯಷ್ಟೇ ಆಚೆ ಇರಲಿ, ಕೈ ನಿಮ್ಮ ಕಡೆ ಎಳೆಯದೆ ಪಕ್ಕಕ್ಕೆ ಹೋಗಲಿ.

2. ಬಟ್ಟೆ ಸುಲಿಯಿರಿ. ಹಲಸಿನ ಸಿಪ್ಪೆ ಬಿಡಿಸಿದ ಹಾಗೆ ಒಂದು ಮೂಲೆಯಿಂದ ಎಳೆಯುತ್ತಾ ಹೋಗಿ. ಅಂಟು ಹಾಕಿದ ಕಡೆ ಮಾತ್ರ ಕಟರ್ ಮುಟ್ಟಿಸಿ. ಕ್ವಿಲ್ಟ್ ಬಟ್ಟೆ ಚೆನ್ನಾಗಿದ್ದರೆ ಕಾಲೊರೆಸಿಗೆ, ಬೈಕ್ ಒರೆಸಲು ಆಗುತ್ತದೆ. ಮೆಮೊರಿ ಫೋಮ್‌ನ ಲೇಬಲ್‌ನಲ್ಲಿ ಗ್ಲಾಸ್ ಫೈಬರ್ ಅಂತ ಇದ್ದರೆ ಒಳಗಿನ ಹೊದಿಕೆ ಕತ್ತರಿಸಲೇಬೇಡಿ. ಆ ಪುಡಿ ಚರ್ಮಕ್ಕೆ, ಉಸಿರಿಗೆ ಚುಚ್ಚುತ್ತದೆ, ಮನೆಯಿಂದ ಹೋಗುವುದಿಲ್ಲ.

3. ಫೋಮ್ ಕುಯ್ಯಿರಿ. ಕಟರ್‌ಗಿಂತ ಹಲ್ಲಿನ ಚಾಕು ವಾಸಿ. ಒತ್ತಿ ಕುಯ್ದರೆ ಫೋಮ್ ಸರಿದುಹೋಗುತ್ತದೆ. ಒಬ್ಬರು ಎರಡೂ ಕಡೆ ಎಳೆದು ಹಿಡಿಯಲಿ, ಇನ್ನೊಬ್ಬರು ಗರಗಸದಂತೆ ಮೆಲ್ಲಗೆ ಆಡಿಸಲಿ. ಆರು ಇಂಚಿನ ಕ್ವೀನ್ ಹಾಸಿಗೆ ಎಂಟು ಅಕ್ಕಿ ಚೀಲಕ್ಕೆ ಬಂತು, ಮಂಡಿ ಊರಿ ಒತ್ತಿ ತುಂಬಿದರೆ ಏಳು.

4. ನಾರನ್ನು ಸುರುಳಿ ಮಾಡಲು ಹೋಗಬೇಡಿ. ಕಟರ್‌ನಿಂದ ಗೆರೆ ಹಾಕಿ, ಮೆಟ್ಟಿಲಿನ ಅಂಚಿಗೆ ಇಟ್ಟು ತುಳಿದರೆ ಮುರಿಯುತ್ತದೆ. ಮುರಿಯುವಾಗ ಎಲ್ಲಿಲ್ಲದ ಧೂಳು ಏಳುತ್ತದೆ. ಆಸ್ತಮಾ ಇದ್ದವರು ಈ ಕೆಲಸಕ್ಕೆ ಬರಬೇಡಿ.

5. ಸ್ಪ್ರಿಂಗ್ ಕೊನೆಗೆ. ಬಟ್ಟೆ, ಫೆಲ್ಟ್ ಪದರವನ್ನು ಕಬ್ಬಿಣಕ್ಕೆ ಹಿಡಿದಿರುವ ಸಣ್ಣ ಕ್ಲಿಪ್‌ಗಳನ್ನು ಪ್ಲೇಯರ್‌ನಿಂದ ಬಿಡಿಸಿ, ಒಂದು ಡಬ್ಬದಲ್ಲಿ ಹಾಕುತ್ತಾ ಹೋಗಿ. ನೆಲಕ್ಕೆ ಬಿದ್ದ ಕ್ಲಿಪ್ಪನ್ನು ಬರಿಗಾಲೋ ಬೈಕಿನ ಟೈರೋ ಹುಡುಕಿಕೊಳ್ಳುತ್ತದೆ. ಕಬ್ಬಿಣದ ಚೌಕಟ್ಟನ್ನು ನೀವೇ ತುಂಡು ಮಾಡಲು ಹೋಗಬೇಡಿ. ಒತ್ತಿಟ್ಟ ತಂತಿ ತುಂಡಾದರೆ ಮುಖಕ್ಕೇ ಸಿಡಿಯುತ್ತದೆ. ಹಾಗೇ ಇಡಿಯಾಗಿ ಗುಜರಿಗೆ ಕೊಡಿ, ಆ ದಿನದ ಕಬ್ಬಿಣದ ರೇಟು ಕೇಳಿ.

ನಿಲ್ಲಿಸಬೇಕಾದ ಲಕ್ಷಣಗಳೂ ಇವೆ. ಬಿಚ್ಚಿದಾಗ ಒಳಗೆ ಕಪ್ಪು ಅಥವಾ ಹಸಿರು ಬೂಷ್ಟು, ಇಲಿ ಗೂಡು, ತಿಗಣೆ ಕಂಡರೆ ಮುಂದುವರಿಸಬೇಡಿ. ಇದ್ದ ಹಾಗೇ ಪ್ಲಾಸ್ಟಿಕ್ ಸುತ್ತಿ, ದುಡ್ಡು ಕೊಟ್ಟು ಕಳಿಸಿ.

ಕುಯ್ದ ಫೋಮ್ ನೋಡಿ ಎಲ್ಲರಿಗೂ ಒಂದು ಆಸೆ ಹುಟ್ಟುತ್ತದೆ: ಸೋಫಾಗೆ ಆಗುತ್ತೆ, ಕಾರಿಗೆ ಆಗುತ್ತೆ, ಇಟ್ಟುಕೊಳ್ಳೋಣ. ಒಂದು ತುಂಡು ಇಟ್ಟುಕೊಳ್ಳಿ. ಎಂಟು ಚೀಲ ಅಟ್ಟಕ್ಕೆ ಹೋದರೆ ಹಾಸಿಗೆ ಆಚೆ ಹೋಗಲಿಲ್ಲ, ಮೇಲೆ ಹೋಯಿತು ಅಷ್ಟೇ.

## ಹಂತ 8: ಇಳಿಸಿ ಸಾಗಿಸುವುದು

ಅಪಾರ್ಟ್‌ಮೆಂಟಿನಲ್ಲಿ ಹಿಂದಿನ ದಿನವೇ ಗೇಟ್ ಪಾಸ್ ಮಾಡಿಸಿ, ಸರ್ವಿಸ್ ಲಿಫ್ಟ್ ಹೊತ್ತು ಕೇಳಿ. ಲಿಫ್ಟಿನ ಒಳಗಿನ ಎತ್ತರ, ಮೂಲೆಯಿಂದ ಮೂಲೆ ಟೇಪಿನಲ್ಲಿ ಅಳೆಯಿರಿ. ಫೋಮ್ ಹಾಸಿಗೆಯನ್ನು ಎರಡು ಮಡಿಕೆ ಮಾಡಿ ಮೂರು ಕಡೆ ಹಗ್ಗ ಬಿಗಿದರೆ ಹೋಗುತ್ತದೆ. ನಾರು, ಸ್ಪ್ರಿಂಗ್ ಯಾರಿಗಾದರೂ ಬಳಸಲು ಕೊಡುತ್ತಿದ್ದರೆ ಮಡಿಸಬೇಡಿ, ಒಂದು ಸಲ ಬಿರಿದರೆ ಮುಗಿಯಿತು.

ಮೆಟ್ಟಿಲಿನಲ್ಲಿ ಉದ್ದದ ಅಂಚಿನ ಮೇಲೆ ನಿಲ್ಲಿಸಿ ಇಳಿಸಿ. ಕೆಳಗಿನವರ ಮೇಲೆ ಭಾರ, ಮೇಲಿನವರ ಕೈಯಲ್ಲಿ ದಿಕ್ಕು. ಹಾಗಾಗಿ ಗಟ್ಟಿ ಆಳು ಕೆಳಗಿರಲಿ. ಹಗ್ಗವನ್ನು ಅಡ್ಡಕ್ಕೆ ಕಟ್ಟಿ ಹಿಡಿಕೆ ಮಾಡಿಕೊಳ್ಳಿ. ಹಾಸಿಗೆಯ ಪಕ್ಕದಲ್ಲಿ ಹೊಲಿದ ಬಟ್ಟೆಯ ಹಿಡಿ ಹಳೆಯದಾದ ಮೇಲೆ ಕಿತ್ತು ಬರುತ್ತದೆ, ಅದನ್ನು ನಂಬಬೇಡಿ.

ಗಾಡಿ ಕರೆಯುವಾಗ ಅಳತೆ ಹೇಳಿ. ಲಗೇಜ್ ಆಟೋದ ತೊಟ್ಟಿ ಸುಮಾರು ಐದೂವರೆ ಅಡಿ, ಹಾಸಿಗೆ ಆರೂವರೆ. ಹಿಂದಕ್ಕೆ ಚಾಚಿಕೊಳ್ಳುತ್ತದೆ. ಟಾಟಾ ಏಸ್ ಆದರೆ ಏಳು ಅಡಿ ಉದ್ದ ಇದೆ, ಸಿಂಗಲ್ ಹಾಸಿಗೆ ಮಲಗಿಸಬಹುದು, ಡಬಲ್ ಆದರೆ ಓರೆಯಾಗಿ ನಿಲ್ಲಿಸಬೇಕು. ಕಾರಿನ ಮೇಲೆ ಕಟ್ಟಿಕೊಂಡು ಹೋಗುವ ಸಾಹಸ ಬೇಡ. ಮುಂದಿನ ಅಂಚಿನ ಕೆಳಗೆ ಗಾಳಿ ಹೊಕ್ಕರೆ ಹಾಸಿಗೆ ಹಿಂದಿನ ಬೈಕಿನವನ ಮೇಲೆ ಹೋಗುತ್ತದೆ.

## ಏನೇ ಆದರೂ ಮಾಡಬಾರದ್ದು

ಸುಡಬೇಡಿ. ಫೋಮ್ ಸುಟ್ಟ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಸಯನೈಡ್ ಅನಿಲವೂ ಇರುತ್ತದೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಮಾಡಿದೆ. ಆ ಕೇಸು ಹಾಕಿದ್ದವರು ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್.

ರಾತ್ರಿ ಹೊತ್ತು ರಾಜಕಾಲುವೆಗೆ ತಳ್ಳಬೇಡಿ. ಒಂದು ಹಾಸಿಗೆ ಮೋರಿಯ ಬಾಯಿಗೆ ಅಡ್ಡ ನಿಂತರೆ ಪ್ಲಾಸ್ಟಿಕ್ಕೆಲ್ಲ ಅದಕ್ಕೇ ಅಂಟಿಕೊಳ್ಳುತ್ತದೆ, ನೀರು ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಬೀದಿ ಮೂಲೆಯ ಕಸದ ರಾಶಿಗೂ ಹಾಕಬೇಡಿ. ಹಾಕಿದವರು ಯಾರು ಅಂತ ಗೊತ್ತಾಗಲ್ಲ ಅಂದುಕೊಳ್ಳುತ್ತಾರೆ. ಇಬ್ಬರು ಹೊತ್ತುಕೊಂಡು ಹೋಗುವ ಆರಡಿ ಸಾಮಾನು ಕ್ಯಾಮೆರಾಗೆ ಕಾಣದೇ ಇರುತ್ತಾ?

## ತೀರಿಹೋದವರ ಹಾಸಿಗೆ

ಇದನ್ನು ಕೇಳಲು ಎಲ್ಲರೂ ಹಿಂಜರಿಯುತ್ತಾರೆ, ಆದರೆ ಎಷ್ಟೋ ಮನೆಯಲ್ಲಿ ಹೊಸ ಹಾಸಿಗೆ ಬರುವುದು ಇಂಥ ಹೊತ್ತಿನಲ್ಲೇ. ಕೊನೆಗಾಲದಲ್ಲಿ ಮಲಗಿದ್ದ ಹಾಸಿಗೆ ಮನೆಯಲ್ಲಿ ಇರಬಾರದು ಅಂತ ಹಿರಿಯರು ಅದೇ ದಿನ ಹೊಳೆದಂಡೆಗೋ ಊರಾಚೆಗೋ ಹಾಕಿಸುತ್ತಾರೆ. ಬರೀ ಹತ್ತಿಯ ಕಾಲದಲ್ಲಿ ಅದು ಕರಗಿ ಮಣ್ಣಾಗುತ್ತಿತ್ತು. ಈಗಿನ ಫೋಮ್, ರೆಕ್ಸಿನ್ ಹೊಳೆಯಲ್ಲಿ ವರ್ಷಗಟ್ಟಲೆ ತೇಲುತ್ತದೆ. ಹಿರಿಯರ ಜೊತೆ ವಾದ ಬೇಡ. ಶಾಸ್ತ್ರಕ್ಕೆ ಒಂದು ಬೆಡ್‌ಶೀಟೋ ಹೊದಿಕೆಯೋ ಸಾಕಾ ಅಂತ ಪುರೋಹಿತರನ್ನು ಕೇಳಿ. ನಮ್ಮ ನೆಂಟರ ಮನೆಯಲ್ಲಿ ಹಾಗೇ ಮುಗಿಯಿತು. ಹಾಸಿಗೆಯನ್ನು ಅದೇ ದಿನ ದುಡ್ಡು ಕೊಟ್ಟು ಎತ್ತಿಸಿದರು. ಆಸ್ಪತ್ರೆಯಿಂದ ಬಾಡಿಗೆಗೆ ತಂದ ಗಾಳಿ ಹಾಸಿಗೆ ಇದ್ದರೆ ಗಡಿಬಿಡಿಯಲ್ಲಿ ಅದನ್ನೂ ಕಳಿಸಿಬಿಡಬೇಡಿ, ಡಿಪಾಸಿಟ್ ಇರುತ್ತದೆ.

## ಹಳೆಯದು ಹೋದ ಮೇಲೆ, ಹೊಸದು ಹಾಸುವ ಮುಂಚೆ

ಖಾಲಿ ಮಂಚ ಕಾಣುವುದು ಹತ್ತು ವರ್ಷಕ್ಕೊಮ್ಮೆ. ಹಲಗೆ ಎತ್ತಿ ಕೆಳಗಿನ ಧೂಳು ಗುಡಿಸಿ. ಎಲ್ಲಿ ಹಾಸಿಗೆ ಗುಂಡಿ ಬಿದ್ದಿತ್ತೋ ಅದೇ ಜಾಗದ ಹಲಗೆ ಒತ್ತಿ ನೋಡಿ. ಬಗ್ಗಿದರೆ, ತಪ್ಪು ಹಾಸಿಗೆಯದಲ್ಲ, ಮಂಚದ್ದು. ಬಡಗಿಯನ್ನು ಕರೆಸಿ ಅಡ್ಡಪಟ್ಟಿ ಹೊಡೆಸಿ, ಇಲ್ಲದಿದ್ದರೆ ಹೊಸದೂ ಎರಡೇ ವರ್ಷಕ್ಕೆ ಕುಸಿಯುತ್ತದೆ. ಹೊಸದರ ದಪ್ಪ ಪ್ಲಾಸ್ಟಿಕ್ ಕವರನ್ನು ಹರಿಯದೆ ಒಂದು ಕಡೆಯಿಂದ ನೀಟಾಗಿ ಕತ್ತರಿಸಿ, ಮಡಿಸಿ, ಬಿಲ್ಲಿನ ಜೊತೆ ಎತ್ತಿಡಿ. ಟ್ರಯಲ್‌ನಲ್ಲಿ ವಾಪಸ್ ಕಳಿಸಬೇಕಾದರೂ, ಮನೆ ಬದಲಿಸಿದರೂ ಅದೇ ಬೇಕಾಗುವುದು. ಮೂಲೆಯಲ್ಲಿ ಹೊಲಿದ ಲೇಬಲ್ ಕೀಳಬೇಡಿ, ವಾರಂಟಿಗೆ ಅದನ್ನೇ ಕೇಳುತ್ತಾರೆ. ಆಮೇಲೆ ಹಾಸಿ ಮಲಗಿ.